ಬೇಲಿ ಹಾಕಿ, ಆದರೆ ಒಂದು ತಡಮ್ಮೆ ಮಡುಗಿ

ಈ ಸರ್ತಿ ಅಡಿಗೆ ಸುದ್ದಿಯೂ ಅಲ್ಲ, ಹಪ್ಪಳ-ಸೆಂಡಗೆಯೂ ಅಲ್ಲ. ನೆಡವದರ ಬಗ್ಗೆ ರಜ ಮಾತಾಡುವೊ° ಹೇಳಿ.

ನೆಡವದು ಹೇಳಿರೆ ಈಗ ಡಾಕ್ಟ್ರಕ್ಕೊ ಚೀಟಿಲಿ ಬರದು ಕೊಡುವ ಮದ್ದಿನ ಹಾಂಗೆ ಆಯಿದು. ಶುಗರಿಂಗೆ ಅರ್ಧ ಗಂಟೆ, ಪ್ರೆಶರಿಂಗೆ ಮುಕ್ಕಾಲು ಗಂಟೆ, ಗೆಂಟು ಬೇನೆಗೆ ಮೆಲ್ಲಂಗೆ ಇಪ್ಪತ್ತು ನಿಮಿಷ. ಆ ಮದ್ದಿನ ನಾವು ಹೆಮ್ಮಕ್ಕೊ ತೆಕ್ಕೊಂಬ ಕ್ರಮ ಹೇಂಗೆ? ಜಾಲಿಲಿ ಸುತ್ತು ಬಪ್ಪದು. ಗಾಣದ ಎತ್ತಿನ ಹಾಂಗೆ ತೊಳಶಿಕಟ್ಟೆಗೆ ನಲುವತ್ತು ಸುತ್ತು. ಕೆಮಿ ಕುಕ್ಕರಿನ ವಿಸಿಲಿಂಗೆ, ಕಣ್ಣು ಮೊಬೈಲಿಲಿ ಎಷ್ಟು ಸ್ಟೆಪ್ಪು ಆತು ಹೇಳಿ. ಮನೆ ಹಿಂದೆ ಗುಡ್ಡೆ ಇದ್ದು, ಗುಡ್ಡೆ ಕೆಳ ಗೆದ್ದೆ ಇದ್ದು, ಗೆದ್ದೆ ಕರೆಲಿ ತೋಡು ಇದ್ದು. ಅಲ್ಲಿಗೆ ಆರೂ ಹೋವುತ್ತವಿಲ್ಲೆ. ಹೋಪೊ° ಹೇಳಿ ಹೆರಟರೂ ದಾರಿ ಎಲ್ಲಿದ್ದು?

ಎನ್ನ ಅಭಿಪ್ರಾಯವ ಸುರುವಿಂಗೇ ಹೇಳಿಬಿಡ್ತೆ. ನಮ್ಮ ಊರಿನ ಕಾಲುದಾರಿಗೊ ಒಳಿಯೆಕ್ಕು. ಅದು ಒಳಿಯೆಕ್ಕಾರೆ ಅದರಲ್ಲಿ ಜೆನ ನೆಡೆಯೆಕ್ಕು, ಅದರಲ್ಲೂ ಹೆಮ್ಮಕ್ಕೊ ನೆಡೆಯೆಕ್ಕು. ಜಾಗೆ ಇಪ್ಪವು ಬೇಲಿ ಹಾಕಲಿ, ಗೋಡೆ ಬೇಕಾರೂ ಕಟ್ಟಲಿ. ಆದರೆ ಮನುಷ್ಯರು ದಾಂಟುಲೆ ಒಂದು ತಡಮ್ಮೆ ಮಡುಗಲಿ.

ಈಗಾಣ ಮಕ್ಕೊಗೆ ತಡಮ್ಮೆ ಹೇಳಿರೆ ಎಂತರ ಹೇಳಿಯೇ ಗೊಂತಿರ. ಬೇಲಿಯ ಎಡಕ್ಕಿಲಿ ಎರಡು ಕಂಬ ಹುಗುದು, ಅಡ್ಡಕ್ಕೆ ಎರಡು ಮರದ ತುಂಡು ಮಡುಗಿ, ಮನುಷ್ಯರು ಕಾಲು ನೆಗ್ಗಿ ದಾಂಟುವ ಹಾಂಗೆ, ದನಗೊ ದಾಂಟದ್ದ ಹಾಂಗೆ ಮಾಡಿದ ಕಂಡಿ ಅದು. ಒಂದು ಕೈಲಿ ಸೀರೆ ನೆರಿಗೆ, ಇನ್ನೊಂದು ಕೈಲಿ ಮಜ್ಜಿಗೆ ತಂಬಿಗೆ ಹಿಡ್ಕೊಂಡು ತಡಮ್ಮೆ ದಾಂಟುಲೆ ನಮ್ಮ ಅತ್ತೆಕ್ಕೊಗೆಲ್ಲ ಗೊಂತಿತ್ತು. ಅದು ಬೇಲಿ ಹಾಕಿದವನ ಮರ್ಯಾದೆ. ಜಾಗೆ ಎನ್ನದು, ಆದರೆ ನೀನು ಇಲ್ಲಿಂದಾಗಿ ಹೋಪಲಕ್ಕು ಹೇಳುವ ಮಾತಿನ ಬಾಯಿಲಿ ಹೇಳದ್ದೆ ಮರಲ್ಲಿ ಮಾಡಿ ಮಡುಗಿದ್ದು.

ಮದಲಾಣ ಹೆಮ್ಮಕ್ಕೊ ನೆಡದಷ್ಟು ನಾವು ನೆಡದ್ದಿಲ್ಲೆ. ಅವಕ್ಕೆ ನೆಪ ಇತ್ತು. ಆಟಿ ಅಮಾಸೆಗೆ ನರಹರಿ ಪರ್ವತಕ್ಕೋ ಕಾರಿಂಜಕ್ಕೋ ತೀರ್ಥಸ್ನಾನಕ್ಕೆ ಹೋಕು. ಬಯಲಾಟಕ್ಕೆ ಸೂಟೆ ಹಿಡ್ಕೊಂಡು ಸಾಲಾಗಿ ಹೋಕು, ಉದಿಯಪ್ಪಗ ಒರಕ್ಕು ತೂಗಿಯೊಂಡು ಬಕ್ಕು. ಅಪ್ಪನ ಮನೆಗೆ ಹೋಪದು ಹೇಳಿರೆ ಬಸ್ಸಿಂದ ಇಳುದ ಮತ್ತೆ ಮೂರು ಮೈಲು ಗೆದ್ದೆ ಹುಣಿಲಿ. ಬಾಳಂತಿಯ ನೋಡ್ಲೆ, ಬಯಕೆ ಮಡುಗುಲೆ, ಬಾಳೆಲೆ ಕೇಳ್ಲೆ, ಹೆಪ್ಪಿಂಗೆ ಮಜ್ಜಿಗೆ ತಪ್ಪಲೆ. ಕೆಲಸ ಇಲ್ಲದ್ದೆ ಹೆಮ್ಮಕ್ಕೊ ಹೆರ ಹೋಪಲಾಗ ಹೇಳಿ ಕಟ್ಟುನಿಟ್ಟು ಇದ್ದ ಮನೆಲಿಯೂ ಕೆಲಸದ ನೆಪಲ್ಲಿ ಒಂದು ಗಂಟೆ ಆಕಾಶ ನೋಡ್ಲೆ ಎಡಿಗಾಗಿತ್ತು. ಈಗ ಹೆಪ್ಪು ಫ್ರಿಜ್ಜಿಲಿ ಇದ್ದು, ಬಾಳೆಲೆ ಪೇಟೆಂದ ಬತ್ತು, ಬಾಳಂತಿಯ ಫೊಟೊ ವಾಟ್ಸಾಪಿಲಿ ಬತ್ತು. ನೆಪ ಎಲ್ಲ ಮುಗುದತ್ತು. ಹೆರಡುದೇ ನಿಂದತ್ತು.

ಎನ್ನ ತಂಗೆಯ ಮಗಳು ಗೆಂಡನ ಒಟ್ಟಿಂಗೆ ಫ್ರಾನ್ಸಿಲಿ, ತುಲೂಸ್ ಹೇಳ್ತ ಪೇಟೆಲಿ ಇಪ್ಪದು. ಆಯಿತ್ಯವಾರ ಬಂತು ಹೇಳಿಯಾದರೆ ಅವು ನೆಡವಲೆ ಹೋಪದು. ದೊಡ್ಡ ಗುಡ್ಡೆ ಹತ್ತುದೂ ಅಲ್ಲ, ಹಗ್ಗ ಹಿಡ್ಕೊಂಡು ನೇಲುದೂ ಅಲ್ಲ. ಒಂದು ಹಳ್ಳಿಂದ ಇನ್ನೊಂದು ಹಳ್ಳಿಗೆ, ದ್ರಾಕ್ಷೆ ತೋಟದ ಎಡಕ್ಕಿಲಿ, ಹೊಳೆಕರೆಲಿ, ಸಮ ಇಪ್ಪ ದಾರಿಲಿ. ಎಪ್ಪತ್ತು ಕಳುದ ಅಜ್ಜಿಯಕ್ಕಳೂ ಕೋಲು ಊರಿಗೊಂಡು ಬತ್ತವಡ. ಮಧ್ಯಾಹ್ನಕ್ಕೆ ಒಂದು ಹಳ್ಳಿಲಿ ಕೂದು ಬುತ್ತಿ ಬಿಚ್ಚಿ ತಿಂದಿಕ್ಕಿ ಹೊತ್ತೋಪಗ ಮನಗೆ.

ಅದರ ಪೇಟೆಯ ಒಳವೇ ಒಂದು ಕಾಲುವೆ ಹೋವುತ್ತು, ಕನಾಲ್ ದ್ಯು ಮಿದಿ ಹೇಳಿ. 1666ರಲ್ಲಿ ಸುರು ಮಾಡಿ 1681ಕ್ಕೆ ಮುಗುಶಿದ್ದು, ಉದ್ದ 240 ಕಿಲೋಮೀಟರು. ಮದಲು ಕುದುರೆಗೊ ಕರೆಲಿ ನೆಡದು ದೋಣಿಯ ಎಳಕ್ಕೊಂಡು ಹೋಪಲೆ ಹೇಳಿ ಮಾಡಿದ ದಾರಿ ಆ ಕಾಲುವೆ ಕರೆಲಿ ಇದ್ದು. ಕುದುರೆ ಹೋತು, ದೋಣಿಗೆ ಇಂಜಿನು ಬಂತು, ದಾರಿ ಒಳುದತ್ತು. ಈಗ ಅದರಲ್ಲಿ ಜೆನಂಗೊ ನೆಡೆತ್ತವು, ಸೈಕಲು ಬಿಡ್ತವು.

ಇನ್ನೊಂದು ಸಂಗತಿ ಎನಗೆ ಭಾರೀ ಲಾಯಿಕ ಕಂಡತ್ತು. ಅಲ್ಲಿ ನೆಡವ ದಾರಿಗೆ ಬಣ್ಣದ ಗುರ್ತ ಇರ್ತು, ಮರಲ್ಲಿ, ಕಲ್ಲಿಲಿ, ಗೋಡೆ ಮೂಲೆಲಿ. ದೂರ ಹೋಪ ದಾರಿಗೆ ಬೆಳಿ-ಕೆಂಪು ಎರಡು ಗೆರೆ, ಊರ ಹತ್ರಾಣ ಸಣ್ಣ ಸುತ್ತಿಂಗೆ ಅರಶಿನ ಬಣ್ಣದ ಒಂದು ಗೆರೆ. ಗುಣಿಸುವ ಚಿಹ್ನೆಯ ಹಾಂಗೆ ಎರಡು ಗೆರೆ ಅಡ್ಡ ಇದ್ದರೆ, ಈ ಹೊಡೆಂಗೆ ಅಲ್ಲ ಹೇಳಿ ಅರ್ಥ. ದೂರದ ದಾರಿಗೊಕ್ಕೆ ಹೀಂಗೆ ಗುರ್ತ ಹಾಕುವ ಕೆಲಸ ಸುರು ಆದ್ದು 1947ರಲ್ಲಿ, ನವಗೆ ಸ್ವಾತಂತ್ರ್ಯ ಸಿಕ್ಕಿದ ವರ್ಷವೇ. ಬಣ್ಣದ ಡಬ್ಬಿ ಹಿಡ್ಕೊಂಡು ಹೋಪದು ಹೆಚ್ಚಾಗಿ ಸಂಬಳ ಇಲ್ಲದ್ದೆ ಕೆಲಸ ಮಾಡುವವು, ನೆಡವವ್ವೇ.

"ನಮ್ಮ ಊರಿಲಿ ಹಾಂಗಿದ್ದದು ಇಲ್ಲೆನ್ನೇ ದೊಡ್ಡಮ್ಮ" ಹೇಳಿತ್ತು ಕೂಸು ಫೋನಿಲಿ. ಎನಗೆ ಪಿಸುರು ಬಂತು. "ಇದ್ದು ಕೂಸೇ, ನಾವೇ ಒಂದೊಂದಾಗಿ ಮುಚ್ಚಿಗೊಂಡು ಬತ್ತಾ ಇದ್ದು" ಹೇಳಿದೆ.

ಯೋಚನೆ ಮಾಡಿ ನೋಡಿ. ಅವಕ್ಕೆ ದ್ರಾಕ್ಷೆ ತೋಟ ಇದ್ದರೆ ನವಗೆ ಅಡಕ್ಕೆ ತೋಟ. ದ್ರಾಕ್ಷೆ ಬಳ್ಳಿ ಎದೆ ಎತ್ತರಕ್ಕೆ ನಿಂಬದು, ಬೆಶಿಲು ನೆತ್ತಿಗೆ ಬಡಿಗು. ಅಡಕ್ಕೆ ತೋಟಲ್ಲಿ ಮಟ ಮಧ್ಯಾಹ್ನ ಹನ್ನೆರಡು ಗಂಟೆಗೂ ತಂಪು. ಒಳ್ಳೆಮೆಣಸಿನ ಬಳ್ಳಿ, ಎಡಕ್ಕಿಲಿ ಕೊಕ್ಕೊ, ಬಾಳೆ, ಕಣಿಲಿ ನೀರು ಹರಿವ ಶಬ್ದ. ಅವಕ್ಕೆ ಕಾಲುವೆ ಇದ್ದರೆ ನವಗೆ ನೇತ್ರಾವತಿ ಇದ್ದು, ಫಲ್ಗುಣಿ ಇದ್ದು. ಅವರ ಹಳ್ಳಿಲಿ ಹಳೆ ಇಗರ್ಜಿ ಇದ್ದರೆ ನಮ್ಮಲ್ಲಿ ಬಸದಿ, ದೇವಸ್ಥಾನ, ದೈವದ ಗುಡಿ, ಮಸೀದಿ, ಇಗರ್ಜಿ ಎಲ್ಲವೂ ಇದ್ದು. ಇಲ್ಲದ್ದದು ದಾರಿ ಮಾಂತ್ರ.

ಆ ದ್ರಾಕ್ಷೆಗೂ ನಮ್ಮ ಅಡಕ್ಕೆಗೂ ಒಂದು ಸಂಬಂಧ ಇದ್ದು, ಕೇಳಿ. ಮಳೆಗಾಲಲ್ಲಿ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ಬೆರುಸಿ ಮದ್ದು ಬಿಡ್ತನ್ನೇ ನಾವು, ಅದಕ್ಕೆ ಬೋರ್ಡೋ ಹೇಳಿ ಹೆಸರು ಎಂತಕೆ? ಬೋರ್ಡೋ ಹೇಳಿರೆ ಫ್ರಾನ್ಸಿನ ಒಂದು ಪೇಟೆ, ಸುತ್ತ ದ್ರಾಕ್ಷೆ ಬೆಳೆತ್ತ ಸೀಮೆ. ಅಲ್ಲಿ ದಾರಿಕರೆಯ ಬಳ್ಳಿಲಿಪ್ಪ ಹಣ್ಣಿನ ಹೋಪವು ಬಪ್ಪವು ಕೊಯಿದು ತಿಂದುಗೊಂಡಿತ್ತಿದ್ದವು. ಅದರ ತಪ್ಪುಸುಲೆ ತೋಟದವು ದಾರಿಕರೆಯ ಸಾಲುಗೊಕ್ಕೆ ಮಾಂತ್ರ ಮೈಲುತುತ್ತು-ಸುಣ್ಣದ ನೀರು ಚಳ್ಕುಗು. ನೀಲಿ ಹಿಡುದ ಎಲೆ ಕಂಡರೆ ವಿಷ ಹೇಳಿ ಹೆದರಿ ಆರೂ ಮುಟ್ಟವು. 1882ರಲ್ಲಿ ಮಿಲಾರ್ದೆ ಹೇಳ್ತ ವಿಜ್ಞಾನಿ ಆ ಹೊಡೆಂಗೆ ಹೋದಿಪ್ಪಗ ಗಮನಿಸಿದ್ದು ಎಂತರ ಹೇಳಿರೆ, ಒಳಾಣ ಬಳ್ಳಿಗೊ ರೋಗ ಬಂದು ಎಲೆ ಉದುರುಸಿ ನಿಂದಿದು, ದಾರಿಕರೆಯ ಬಳ್ಳಿಗೊ ಹಸುರಾಗಿ ಇದ್ದು. 1885ರಲ್ಲಿ ಅವ° ಆ ಮದ್ದಿನ ವಿಷಯ ಪ್ರಕಟ ಮಾಡಿದ°. 1910ರ ಹೊತ್ತಿಂಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಲಿ ಇದ್ದ ಲೆಸ್ಲಿ ಕೋಲ್‌ಮನ್ ಅದೇ ಮದ್ದಿನ ಅಡಕ್ಕೆಯ ಕೊಳೆರೋಗಕ್ಕೆ ಬಳಸುಲೆ ಹೇಳಿಕೊಟ್ಟವು. ಇಂದಿಂಗೂ ನಮ್ಮ ತೋಟ ಒಳಿವದು ಅದರಿಂದಾಗಿಯೇ.

ಇದರಲ್ಲಿ ನವಗೆ ಒಂದು ಪಾಠ ಇಲ್ಲೆಯೋ? ಹಣ್ಣು ಕದಿವವರ ಹೆದರಿಕೆ ಅವಕ್ಕೂ ಇತ್ತು. ಅವು ಕರೆಯ ಬಳ್ಳಿಗೆ ಮದ್ದು ಚಳ್ಕಿದವು, ದಾರಿಗೆ ಅಡ್ಡ ಗೋಡೆ ಕಟ್ಟಿದ್ದವಿಲ್ಲೆ. ದಾರಿ ಇದ್ದ ಕಾರಣ ಜೆನ ನೆಡದವು, ನೆಡದ ಕಾರಣ ಕಣ್ಣಿಂಗೆ ಬಿದ್ದತ್ತು, ಕಣ್ಣಿಂಗೆ ಬಿದ್ದ ಕಾರಣ ಮದ್ದು ಸಿಕ್ಕಿತ್ತು.

ಕಣ್ಣಿಂಗೆ ಬೀಳುದು ಹೇಳಿದೆನ್ನೇ, ಅದೇ ಮುಖ್ಯ. ಎಂಗಳ ಮನೆ ಹಿಂದಂದ ಗೆದ್ದೆ ಹುಣಿಲಿ ಹೋಗಿ, ತೋಡಿನ ಸಂಕ ದಾಂಟಿ, ಒಂದು ತೋಟದ ಕರೆಲಿ ಹತ್ತಿರೆ ಒಬ್ಬ ಅಜ್ಜಿಯ ಮನೆ. ಏಳು ನಿಮಿಷದ ದಾರಿ. ಅಜ್ಜಿಗೆ ಎಂಬತ್ತೆರಡು ವರ್ಷ, ಮಕ್ಕೊ ಬೆಂಗ್ಳೂರಿಲಿ. ಆ ದಾರಿಲಿ ಉದಿಯಪ್ಪಗ ಆರೂವರೆಗೆ ಸೊಸೈಟಿಗೆ ಹಾಲು ಕೊಡುವವು ಮೂರು ಮನೆಯವು ಹೋಗಿಯೊಂಡಿತ್ತಿದ್ದವು. ಶಾಲೆಮಕ್ಕೊ ಎಂಟೂವರೆಗೆ. ಅಜ್ಜಿಯ ಜಾಲಿಲಿಯೇ ದಾರಿ. ಎಲ್ಲೋರೂ "ಅಜ್ಜೀ" ಹೇಳಿ ಒಂದು ಸೊರ ಹಾಕಿಕ್ಕಿಯೇ ಹೋಕು. ಎಡಕ್ಕಿಲಿಪ್ಪ ತೋಟವ ಹೆರಂದ ಬಂದವು ತೆಕ್ಕೊಂಡವು. ಸುತ್ತ ಮುರಕಲ್ಲಿನ ಗೋಡೆ ಎದ್ದತ್ತು, ಆಳೆತ್ತರ, ಒಂದು ಕಂಡಿ ಇಲ್ಲದ್ದೆ. ಹಾಲಿನವು ಬೈಕಿಲಿ ಮಾರ್ಗಲ್ಲಿಯಾಗಿ ಹೋಪಲೆ ಸುರು ಮಾಡಿದವು. ಮಕ್ಕೊಗೆ ಶಾಲೆ ವ್ಯಾನು ಬಂತು. ಎಂಗೊಗೆ ಅಜ್ಜಿಯ ಮನಗೆ ಮಾರ್ಗಲ್ಲಿ ಎರಡೂವರೆ ಕಿಲೋಮೀಟರು, ಗುಡ್ಡೆ ಸುತ್ತಿ. ಆಟೋದವಂಗೆ ಹೋಪಲೆ ಬಪ್ಪಲೆ ಕೊಡೆಕ್ಕು. ವಾರಕ್ಕೆ ನಾಲ್ಕು ಸರ್ತಿ ಕಂಡೊಂಡಿದ್ದ ಮೋರೆ ತಿಂಗಳಿಂಗೆ ಒಂದಾರಿ ಆತು.

ಕಳುದ ಮಳೆಗಾಲಲ್ಲಿ ಅಜ್ಜಿ ಉದಿಯಪ್ಪಗ ಆರು ಗಂಟೆಗೆ ಹಟ್ಟಿ ಹತ್ರೆ ಜಾರಿ ಬಿದ್ದತ್ತು. ಏಳ್ಲೆ ಎಡ್ತಿದಿಲ್ಲೆ. ದೆನುಗೋಳಿರೆ ಕೇಳ್ಲೆ ಆರೂ ಇಲ್ಲೆ. ಕೆಲಸದ ಹೆಣ್ಣು ಬಪ್ಪಗ ಹನ್ನೊಂದು ಗಂಟೆ. ಐದು ಗಂಟೆ ಹೊತ್ತು ಅಜ್ಜಿ ಮಳೆನೀರು ಹರಿವ ಜಾಲಿಲಿ ಬಿದ್ದೊಂಡಿತ್ತು. ಸೊಂಟದ ಎಲುಬು ಮುರುದ್ದು, ಆಪ್ರೇಶನು ಆತು, ಈಗ ವಾಕರು ಹಿಡ್ಕೊಂಡು ಮೆಲ್ಲಂಗೆ ನೆಡೆತ್ತು. ನೋಡ್ಲೆ ಹೋದಿಪ್ಪಗ ಎನ್ನತ್ರೆ ಹೇಳಿತ್ತು, "ಬಿದ್ದ ಬೇನೆ ಹೋಕು ಮಗಳೇ, ಮದಲಾಣ ಹಾಂಗೆ ಆರೂವರೆಗೆ ಹಾಲಿನವು ಬಕ್ಕು ಹೇಳಿ ಕಾದ್ದದು ಮರೆತ್ತಿಲ್ಲೆ."

ಇಲ್ಲಿ ಆರ ತಪ್ಪೂ ಹುಡ್ಕುಲೆ ಆನು ಹೆರಟದಲ್ಲ. ಗೋಡೆ ಕಟ್ಟಿದವು ಕೆಟ್ಟವಲ್ಲ, ಅವಕ್ಕೆ ಅಜ್ಜಿ ಇಪ್ಪದೇ ಗೊಂತಿತ್ತಿಲ್ಲೆ. ನೆಡವವರ ಕಾಣದ್ದರೆ ದಾರಿ ಇದ್ದು ಹೇಳಿಯೇ ಆರಿಂಗೂ ಗೊಂತಾವುತ್ತಿಲ್ಲೆ, ಅಲ್ಲದೋ?

ಜಾಗೆ ಇಪ್ಪವರ ಮಾತನ್ನೂ ಕೇಳೆಕ್ಕು. ಎಂಗೊಗೂ ತೋಟ ಇದ್ದು, ಹಾಂಗಾಗಿ ಎನಗೆ ಅದು ಗೊಂತಿದ್ದು. ಕಾಡುಹಂದಿ ಬಂದು ಅಡಕ್ಕೆ ಸೆಸಿ ಮೊಗಚ್ಚುತ್ತು. ಬೆಳ್ತಂಗಡಿಯ ಘಾಟಿ ಬುಡಲ್ಲಿ ಆನೆ ಬತ್ತು. ಕೊಯಿದು ಹಾಕಿದ ಅಡಕ್ಕೆಯ ಗೋಣಿಲಿ ತುಂಬುಸಿ ಹೊತ್ತೊಂಡು ಹೋಪವು ಇದ್ದವು. ತೋಡಕರೆಲಿ ಕೂದು ಕುಡುದು ಕುಪ್ಪಿ ಒಡದು ಹೋಪವೂ ಇದ್ದವು. ಹಾಂಗಾಗಿ ಬೇಲಿ ಬೇಡ ಹೇಳ್ಲೆ ಎಡಿಯ. ಆದರೆ ಹಂದಿ ದಾಂಟದ್ದ, ಮನುಷ್ಯರು ದಾಂಟುವ ಕಂಡಿ ಮಾಡ್ಲೆ ಅಜ್ಜನಕ್ಕೊಗೆ ಗೊಂತಿತ್ತನ್ನೇ, ನವಗೆ ಎಂತಕೆ ಎಡಿಯ? ಕಬ್ಬಿಣದ ಸಣ್ಣ ಗೇಟು, ಕೊಂಡಿ ಹಾಕುವ ಹಾಂಗೆ ಮಾಡಿರೆ ಮುಗುದತ್ತು. ಕರೆಂಟು ಬೇಲಿ ಹಾಕುವವು ದಾರಿ ಇಪ್ಪಲ್ಲಿ ಬೋರ್ಡು ಹಾಕೆಕ್ಕು. ಕಳ್ಳರ ವಿಷಯಲ್ಲಿ ಎನ್ನ ಲೆಕ್ಕ ಬೇರೆ. ದಿನಕ್ಕೆ ಹತ್ತು ಜೆನ ಗುರ್ತದವು ನೆಡವ ದಾರಿಲಿ ಕಳ್ಳಂಗೆ ಹೆದರಿಕೆ ಹೆಚ್ಚು. ಆರೂ ನೆಡೆಯದ್ದ ತೋಟವೇ ಅವಂಗೆ ಅನುಕೂಲ.

ಇನ್ನೊಂದು ಹೆದರಿಕೆ ಕೋರ್ಟಿಂದು. ಇಪ್ಪತ್ತು ವರ್ಷ ನೆಡವಲೆ ಬಿಟ್ಟರೆ ದಾರಿ ಅವರ ಹಕ್ಕು ಆವುತ್ತು, ಮತ್ತೆ ಮುಚ್ಚಲೆ ಎಡಿಯ ಹೇಳಿ ಆರಾರು ಹೇಳಿಕೊಡ್ತವು, ಅದರ ಕೇಳಿ ನಾಳಂಗೇ ಮುಚ್ಚುತ್ತವು. 1882ರ ಕಾನೂನಿಲಿ ಇಪ್ಪತ್ತು ವರ್ಷದ ಮಾತು ಇಪ್ಪದು ಅಪ್ಪು. ಆದರೆ ಅದು ಒಪ್ಪಿಗೆ ಕೇಳದ್ದೆ ಎನ್ನ ಹಕ್ಕು ಹೇಳಿ ನೆಡದವಕ್ಕೆ. ನಿಂಗಳ ಒಪ್ಪಿಗೆ ತೆಕ್ಕೊಂಡು ನೆಡವವಕ್ಕೆ ಎಷ್ಟು ವರ್ಷ ಆದರೂ ಆ ಹಕ್ಕು ಬತ್ತಿಲ್ಲೆ. ವಕೀಲಿಕೆ ಮಾಡುವ ನೆಂಟರತ್ರೆ ಕೇಳಿಯೇ ಇದರ ಬರವದು ಆನು. ಎರಡೂ ಮನೆಯವು ಕೂದು ಒಂದು ಕಾಗದಲ್ಲಿ, ಇಂತವಕ್ಕೆ ಎಂಗಳ ತೋಟದ ಕರೆಲಿ ನೆಡವಲೆ ಎಂಗೊ ಒಪ್ಪಿದ್ದೆಯೊ° ಹೇಳಿ ಬರದು ಮಡುಗಿರೆ ಅವಕ್ಕೆ ದಾರಿ ಸಿಕ್ಕಿತ್ತು, ಇವಕ್ಕೆ ಹೆದರಿಕೆ ಹೋತು. ಇನ್ನು ಹಳೆ ಗ್ರಾಮನಕ್ಷೆಲಿ ಗುರ್ತ ಇಪ್ಪ ದಾರಿ ಇರ್ತು, ಅದು ಎಲ್ಲೋರದ್ದು. ಜಾಗೆ ತೆಕ್ಕೊಂಬವು ಆರ್‌ಟಿಸಿ ನೋಡುವ ಹಾಂಗೆ ನಕ್ಷೆಯನ್ನೂ ಒಂದಾರಿ ನೋಡೆಕ್ಕು.

ಇನ್ನು ನಮ್ಮ ಪಾಲಿನ ಕೆಲಸ. ದಾರಿ ಬೇಕು ಹೇಳಿ ಬಾಯಿಲಿ ಹೇಳಿರೆ ಸಾಲ, ನೆಡದು ತೋರುಸೆಕ್ಕು. ಮದಲು ಆರಿಂಗೂ ಬಂಙ ಇಲ್ಲದ್ದ, ಆರ ಬೇಲಿಯೂ ದಾಂಟೆಡದ್ದ ದಾರಿಲಿ ಅಭ್ಯಾಸ ಮಾಡುವೊ°. ಬೆಳ್ತಂಗಡಿಯ ಗಡಾಯಿಕಲ್ಲು ಇದ್ದನ್ನೇ, 1794ರಲ್ಲಿ ಟಿಪ್ಪು ಕಟ್ಟುಸಿದ ಜಮಾಲಾಬಾದ್ ಕೋಟೆ, ಅದು ಮಕ್ಕೊಗಿರಲಿ. ಅಷ್ಟು ಮೆಟ್ಳು ನಮ್ಮ ಗೆಂಟಿಂಗೆ ಆಗ. ಎನಗೆ ಗೊಂತಿಪ್ಪ ಮೂರು ಸುಲಾಬದ ನಡಿಗೆ ಹೇಳ್ತೆ.

ಒಂದನೇದು ಬೆದ್ರ, ಹೇಳಿರೆ ಮೂಡುಬಿದಿರೆ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಹೇಳಿ ಆ ಊರಿನ ಬಗ್ಗೆ ಮಾತು. ಬಸ್ಸಿಳುದು ಜೈನಪೇಟೆ ಹೊಡೆಂಗೆ ನೆಡದರೆ ಸುರುವಿಂಗೇ ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಿದ್ದು. ಕಂಬ ನೋಡಿಗೊಂಡು ಕೂದರೆ ಹೊತ್ತು ಹೋದ್ದೇ ಗೊಂತಾಗ. ಹೆಚ್ಚಿನವು ಅದೊಂದರ ನೋಡಿಕ್ಕಿ ಕಾರು ಹತ್ತುತ್ತವು. ಹಾಂಗೆ ಮಾಡೆಡಿ. ಅದೇ ಬೀದಿಲಿ ಮುಂದೆ ನೆಡದರೆ ಒಂದರಿಂದ ಒಂದು ಬಸದಿ, ಎಡಕ್ಕಿಲಿ ಹಳೆ ಮನೆಗೊ, ಕಲ್ಲಿನ ಜೆಗಿಲಿ. ಧವಳ ಗ್ರಂಥದ ತಾಳೆಗರಿಗಳ ನೂರಾರು ವರ್ಷ ಕಾದು ಮಡುಗಿದ ಗುರುಬಸದಿ ಅಲ್ಲಿಯೇ. ಚೌಟರ ಅರಮನೆಲಿ ಮರದ ಕಂಬದ ಕೆತ್ತನೆ ನೋಡೆಕ್ಕು. ಐದು ಹೆಮ್ಮಕ್ಕೊ ಸೇರಿ ಒಂದು ಕುದುರೆ ಆಯಿದವು, ಒಂಬತ್ತು ಹೆಮ್ಮಕ್ಕೊ ಸೇರಿ ಒಂದು ಆನೆ ಆಯಿದವು. ಒಬ್ಬೊಬ್ಬನೇ ಹೆರಡ್ಲೆ ಹೆದರುವ ಅತ್ತಿಗೆಕ್ಕೊ ಅದರ ಎದುರು ಒಂದು ಗಳಿಗೆ ನಿಂಬಲಕ್ಕು. ಎಡಿಗಾದರೆ ಕೊಡಂಗಲ್ಲಿಂಗೂ ಹೋಗಿ, ಮುರಕಲ್ಲಿಲಿ ಮೆಟ್ಳು ಮೆಟ್ಳಾಗಿ ಕಟ್ಟಿದ ಜೈನ ಗುರುಗಳ ಸಮಾಧಿಗೊ ಇದ್ದು. ಇಡೀ ಸುತ್ತು ಹೆಚ್ಚಾಗಿ ಸಮ ದಾರಿ.

ಎರಡನೇದು ಬೆಳ್ತಂಗಡಿ ತಾಲೂಕಿನ ವೇಣೂರು. 1604ರಲ್ಲಿ ವೀರ ತಿಮ್ಮಣ್ಣ ಅಜಿಲ ನಿಲ್ಲುಸಿದ ಗೊಮ್ಮಟ, 35 ಅಡಿ ಎತ್ತರ. ಹನ್ನೆರಡು ವರ್ಷಕ್ಕೊಂದಾರಿ ಅಪ್ಪ ಮಹಾಮಸ್ತಕಾಭಿಷೇಕ 2024ರಲ್ಲಿ ಆತು, ನಿಂಗಳಲ್ಲಿ ಸುಮಾರು ಜೆನ ಹೋಗಿಪ್ಪಿ. ಆ ಗುಂಪಿಲಿ ಗೊಮ್ಮಟನ ನೋಡಿಪ್ಪಿ, ಹೊಳೆಯ ನೋಡಿಪ್ಪಲೆ ಸಾಧ್ಯ ಇಲ್ಲೆ. ಫಲ್ಗುಣಿ ಹರಿವದು ಅದರ ಹತ್ರೆಯೇ. ಗುಂಪಿಲ್ಲದ್ದ ಒಂದು ಚಳಿಗಾಲದ ಉದಿಯಪ್ಪಗ ಹೋಗಿ, ಗೊಮ್ಮಟನ ನೋಡಿ, ಅಲ್ಯಾಣ ಹಳೆ ಬಸದಿಗಳ ನೋಡಿ, ಮತ್ತೆ ಹೊಳೆಕರೆ ಹೊಡೆಂಗೆ ಮೆಲ್ಲಂಗೆ ನೆಡೆಯಿರಿ. ಗುಂಪೇ ಬೇಕು ಹೇಳುವವಕ್ಕೆ ಕಾರ್ತಿಕ ಮಾಸದ ಲಕ್ಷದೀಪೋತ್ಸವದ ಸುರುವಾಣ ದಿನ ಇದ್ದು. ಉಜಿರೆಯ ಜನಾರ್ದನ ದೇವಸ್ಥಾನಂದ ಧರ್ಮಸ್ಥಳಕ್ಕೆ ಸಾವಿರಾರು ಜೆನ ಪಾದಯಾತ್ರೆ ಹೋವುತ್ತವು, ಒಂಬತ್ತು ಕಿಲೋಮೀಟರಿನ ಅಂದಾಜು. ಆ ದಿನ ಒಬ್ಬನೂ "ಎಂತಕೆ ನೆಡವದು" ಹೇಳಿ ಕೇಳ್ತವಿಲ್ಲೆ, ನೋಡಿ. ದೇವರ ಹೆಸರಿದ್ದರೆ ನೆಡವದು ಪುಣ್ಯ. ನಮ್ಮ ಮನಸ್ಸಿನ ಸಮಾಧಾನಕ್ಕೆ ನೆಡದರೆ ಅದು ಎಂತಕೆ ಕೆಲಸ ಇಲ್ಲದ್ದವರ ಕೆಲಸ ಆಯೆಕ್ಕು?

ಮೂರನೇದು ಬಂಟ್ವಾಳ. ನಾವು ದಿನಾಗಳೂ ಬಿ.ಸಿ.ರೋಡು ಹೇಳ್ತು, ಬಂಟ್ವಾಳ ಕ್ರಾಸ್ ರೋಡು ಹೇಳಿ ಅದರ ಅರ್ಥ. ಎಲ್ಲೋರೂ ಆ ಕ್ರಾಸಿಲಿಯೇ ಬಸ್ಸು ಬದಲುಸಿ ಹೋಪದು, ಒಳಾಣ ಬಂಟ್ವಾಳವ ಕಾಂಬವು ಕಮ್ಮಿ. ಅಲ್ಲಿಂದ ಪೇಟೆ ಹೊಡೆಂಗೆ ನೆಡೆಯಿರಿ. ಸಪೂರದ ಬೀದಿ, ಹಳೆ ಅಂಗಡಿಗೊ, ವೆಂಕಟರಮಣ ದೇವಸ್ಥಾನ, ಹಿಂದೆ ನೇತ್ರಾವತಿ. ಮಾರ್ಗ ಆಯೆಕ್ಕಾದರೆ ಮದಲು ಮಂಗ್ಳೂರಿಂದ ಸಾಮಾನು ಹೊಳೆಲಿ ಓಡಲ್ಲಿ ಬಂದು ಇಳುದುಗೊಂಡಿದ್ದ ಪೇಟೆ ಇದು. 1923ರ ನೆರೆ, 1974ರ ನೆರೆ, ಎರಡನ್ನೂ ಕಂಡ ಪೇಟೆ. ಎಪ್ಪತ್ನಾಲ್ಕರಲ್ಲಿ ನೀರು ಎಲ್ಲಿವರೆಗೆ ಬಯಿಂದು ಹೇಳಿ ಅಲ್ಯಾಣ ಹಳಬ್ಬರತ್ರೆ ಕೇಳಿ, ಗೋಡೆಲಿ ಕೈ ಮಡುಗಿ ತೋರುಸುಗು. ಇನ್ನೊಂದು ದಿನ ಪಾಣೆಮಂಗಳೂರಿನ ಹಳೆ ಸಂಕಕ್ಕೆ ಹೋಗಿ, ಬ್ರಿಟಿಷರ ಕಾಲದ್ದು. ಹೊತ್ತೋಪಗ ಐದು ಗಂಟೆಗೆ ಕರೆಲಿ ನಿಂದರೆ ಹೊಳೆಲಿ ಬೆಶಿಲು ಇಳಿವದು ಕಾಣ್ತು. ಆದರೆ ಒಂದು ಜಾಗ್ರತೆ: ತುಂಬೆಲಿ ಅಣೆಕಟ್ಟು ಇಪ್ಪ ಕಾರಣ ಇಲ್ಲಿ ನೀರು ನಿಂದೊಂಡಿರ್ತು, ಗುಂಡಿ ಎಷ್ಟು ಹೇಳಿ ಗೊಂತಾವುತ್ತಿಲ್ಲೆ. ಹೊಳಗೆ ಇಳಿವಲಾಗ, ಮಕ್ಕಳ ಇಳಿವಲೆ ಬಿಡ್ಲಾಗ.

ಹೋಪ ಖರ್ಚಿನ ಬಗ್ಗೆ ಹೇಳ್ತರೆ, 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿಲಿ ಹೆಮ್ಮಕ್ಕೊಗೆ ಟಿಕೇಟು ಇಲ್ಲೆ. ಧರ್ಮಸ್ಥಳದ ಹೊಡೆಂಗೆ ಅದು ಸಿಕ್ಕುತ್ತು. ಬೆದ್ರದ ಹೊಡೆಂಗೆ ಖಾಸಗಿ ಬಸ್ಸೇ ಹೆಚ್ಚು, ರಜ ಪೈಸೆ ತೆಕ್ಕೊಳ್ಳೆಕ್ಕು. ದೀಪಾವಳಿ ಕಳುದ ಮತ್ತಂದ ಶಿವರಾತ್ರಿ ವರೆಗೆ ನೆಡವಲೆ ಒಳ್ಳೆ ಕಾಲ. ಮಳೆಗಾಲಲ್ಲಿ ಘಾಟಿ ಬುಡದ ದಾರಿಲಿ ಉಂಬಳ ಹತ್ತುಗು, ಸಂಕ ಜಾರುಗು. ಮೆಟ್ಟು ಹಿಂದೆ ಪಟ್ಟಿ ಇಪ್ಪದು ಇರಲಿ. ಸೀರೆಯೋ ಚೂಡಿದಾರವೋ, ನಿಂಗೊಗೆ ಕಾಲು ನೆಗ್ಗುಲೆ ಸುಲಾಬ ಅಪ್ಪದು. ಒಂದು ಕೊಡೆ, ಅದು ಬೆಶಿಲಿಂಗೂ ಆತು ನಾಯಿಗೂ ಆತು. ಜೀರಿಗೆ ನೀರು, ನಾಲ್ಕು ಬಾಳೆಹಣ್ಣು, ರಜ ಬೆಲ್ಲ. ಪ್ಲಾಸ್ಟಿಕ್ಕು ಇಡುಕ್ಕಲಾಗ. ತೋಟದ ಕರೆಲಿ ಹೋಪಗ ಬಿದ್ದ ಅಡಕ್ಕೆಯ ಹೆರ್ಕಲಾಗ, ಕೊಂಡಿ ತೆಗದರೆ ಹಾಕಿಕ್ಕಿಯೇ ಹೋಯೆಕ್ಕು. ಮದ್ದು ಬಿಡುವ ದಿನ ಆ ತೋಟದ ಬುಡಕ್ಕೆ ಹೋಪಲಾಗ. ಇಷ್ಟು ಮರ್ಯಾದೆ ನಾವು ಮಡುಗಿರೆ ತಡಮ್ಮೆ ಮಡುಗಿ ಹೇಳಿ ಕೇಳ್ಲೆ ನವಗೆ ಬಾಯಿ ಬಕ್ಕು.

ಮತ್ತೆ ಆ ಪ್ರಶ್ನೆ. ದಾರಿಲಿ ಸಿಕ್ಕಿದವೆಲ್ಲ ಕೇಳುಗು, "ಎಲ್ಲಿಗೆ ಹೆರಟದು?" ಅದು ನಮ್ಮ ಊರಿನ ಕ್ರಮ, ಕೇಳಲಿ. ಅಜ್ಜಿ ಬಿದ್ದಿಪ್ಪಗ ಹಾಂಗೆ ಕೇಳುವವು ಒಬ್ಬ ಇದ್ದಿದ್ದರೆ ಸಾಕಾಗಿತ್ತು. ನಾವು ಉತ್ತರಕ್ಕೆ ತಡಕ್ಕಾಡುದು ಬೇಡ. ದೇವಸ್ಥಾನಕ್ಕೆ ಹೇಳಿ ಲೊಟ್ಟೆ ಹೇಳುದೂ ಬೇಡ, ಡಾಕ್ಟ್ರು ಹೇಳಿದ್ದವು ಹೇಳಿ ಶುಗರಿನ ಮೇಗೆ ಹಾಕುದೂ ಬೇಡ. "ಹೀಂಗೇ ನೆಡವಲೆ" ಹೇಳಿರೆ ಮುಗುದತ್ತು. ಸುರುವಿಂಗೆ ನೆಗೆ ಮಾಡುಗು. ನಾಲ್ಕನೇ ವಾರಕ್ಕೆ ಅವರ ಮನೆಯ ಸೊಸೆಯೂ ಒಟ್ಟಿಂಗೆ ಹೆರಡುಗು, ನೋಡಿ ಬೇಕಾರೆ. ಗೆಂಡುಮಕ್ಕೊಗೆ ಪೇಟಗೆ ಹೋಗಿ ಕಟ್ಟೆಲಿ ಕೂದು ಬಪ್ಪಲೆ ಯೇವ ಕಾರಣವೂ ಬೇಡ. ನವಗೆ ಮಾಂತ್ರ ಒಂದು ಗಂಟೆಗೆ ನೂರು ಕಾರಣ ಬೇಕೋ?

ಆನು ಕೇಳುದು ದೊಡ್ಡ ಸಂಗತಿ ಎಂತ ಅಲ್ಲ. ಫ್ರಾನ್ಸಿನ ಹಾಂಗೆ ಬಣ್ಣದ ಗೆರೆ ನಾಳಂಗೇ ಬಾರ. ಆದರೆ ಈ ತಿಂಗಳು ನಿಂಗಳ ಬೈಲಿಲಿ ಒಂದು ಕೆಲಸ ಮಾಡ್ಲೆ ಎಡಿಗು. ಮದಲು ಇದ್ದು ಈಗ ಇಲ್ಲದ್ದ ದಾರಿಗೊ ಯೇವದು ಹೇಳಿ ಮನೆಯ ಹೆರಿಯೋರತ್ರೆ ಕೇಳಿ, ಒಂದು ಕಾಗದಲ್ಲಿ ಗೆರೆ ಎಳದು ಮಡುಗಿ. ಅದರಲ್ಲಿ ಒಂದು ದಾರಿಯ ಕರೆಲಿ ಒಂಟಿಯಾಗಿಪ್ಪ ಅಜ್ಜಿಯೋ ಅಜ್ಜನೋ ಇಕ್ಕು, ಗುರ್ತ ಹಾಕಿ. ಎಡಕ್ಕಿಲಿ ಗೋಡೆ ಕಟ್ಟಿದವರ ಮನಗೆ ಇಬ್ರು ಹೆಮ್ಮಕ್ಕೊ ಹೋಗಿ ಮಾತಾಡಿ. ಗೆಂಡುಮಕ್ಕೊ ಹೋದರೆ ಸರ್ವೆ ನಂಬ್ರಂದ ಸುರು ಆವುತ್ತು, ಜಗಳಲ್ಲಿ ಮುಗಿತ್ತು. ನಾವು ಹೋದರೆ ಕಾಪಿಂದ ಸುರು ಆವುತ್ತು. ಎಂಗೊ ಮೂರು ಜೆನ ಬಪ್ಪ ವಾರ ಆ ಮುರಕಲ್ಲಿನ ಗೋಡೆಯವರ ಮನಗೆ ಹೋಪಲೆ ಹೆರಟಿದೆಯೊ°, ಮಾವಿನ ಮೆಡಿ ಉಪ್ಪಿನಕಾಯಿದು ಒಂದು ಕುಪ್ಪಿ ತೆಕ್ಕೊಂಡು. ಅವು ಎಂತ ಹೇಳ್ತವು ಹೇಳಿ ಮತ್ತೆ ಬರೆತ್ತೆ.

ನಿಂಗಳ ಬೇಲಿಲಿ ತಡಮ್ಮೆ ಇದ್ದರೆ ಹೇಳಿ, ಆನು ಆ ಹೊಡೆಂಗೆ ನೆಡಕ್ಕೊಂಡು ಬತ್ತೆ. ಆಸರಿಂಗೆ ಒಂದು ಗ್ಲಾಸು ಮಜ್ಜಿಗೆ ನೀರು ಸಾಕು.